ಕದ್ದ ಕಾರು, ಕದಿಯಲಾಗದ ಅಂಕಿ

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಬೋಕಾ ರಟೋನ್ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ, ಖಾಸಗಿ ವಿಮಾನಗಳನ್ನು ನಿಲ್ಲಿಸುವುದಕ್ಕೆಂದು ಕಟ್ಟಿದ್ದ ಒಂದು ಹ್ಯಾಂಗರಿನೊಳಗಿಂದ, 1997ನೆಯ ಇಸವಿಯ ಜೂನ್ ತಿಂಗಳಲ್ಲಿ ಬೆಳ್ಳಿಯ ಬಣ್ಣದ ಒಂದು ಮೋಟಾರು ಕಾರು ಮಾಯವಾಯಿತು. ಬೀಗ ತುಂಡಾಗಿತ್ತು, ಎಚ್ಚರಿಕೆಯ ಗಂಟೆಗೆ ಹೋಗುವ ತಂತಿಯನ್ನು ಕತ್ತರಿಸಲಾಗಿತ್ತು, ಚಕ್ರಗಳು ಉರುಳದಂತೆಯೇ ಕಾರನ್ನು ಎಳೆದುಕೊಂಡು ಹೋದವರು ನೆಲದ ಮೇಲೆ ಟೈರಿನ ಕಪ್ಪು ಗೀರುಗಳನ್ನು ಮಾತ್ರ ಬಿಟ್ಟುಹೋಗಿದ್ದರು. ಬೀದಿಯಲ್ಲಿ ನಿಂತ ಸಾಧಾರಣ ವಾಹನವೊಂದು ಕಳುವಾದರೆ ಪೋಲೀಸು ಠಾಣೆಯ ದಫ್ತರದಲ್ಲಿ ಒಂದು ಸಾಲು ಬೆಳೆಯುವುದಲ್ಲದೆ ಲೋಕಕ್ಕೆ ಅದರಿಂದ ಏನೂ ಆಗದು. ಆದರೆ ಈ ಕಾರು, 1964ರಲ್ಲಿ ತೆರೆಗೆ ಬಂದ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡನ ಪಾತ್ರಧಾರಿ ಶಾನ್ ಕಾನರಿಯಷ್ಟೇ ಪ್ರಖ್ಯಾತಿ ಪಡೆದ ಆಸ್ಟನ್ ಮಾರ್ಟಿನ್ ಡಿಬಿ5. ಜಗತ್ತಿನಲ್ಲಿ ಕೋಟ್ಯಂತರ ಜನ ಕಂಡೊಡನೆ ಗುರುತಿಸಬಲ್ಲ ವಸ್ತುವನ್ನು ಕದ್ದವನು ಅದನ್ನು ಎಲ್ಲಿ ಬಚ್ಚಿಟ್ಟಾನು, ಯಾರಿಗೆ ಮಾರಿಯಾನು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಬಗೆಹರಿದಿಲ್ಲ.

ಆ ಕಾರಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ಇಯಾನ್ ಫ್ಲೆಮಿಂಗ್ 1959ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲಿ ನಾಯಕನಿಗೆ ಕೊಟ್ಟದ್ದು ಅದೇ ಕಂಪನಿಯ ಹಿಂದಿನ ಮಾದರಿಯೊಂದನ್ನು. ಚಿತ್ರ ತಯಾರಾಗುವ ಹೊತ್ತಿಗೆ ಇಂಗ್ಲೆಂಡಿನ ನ್ಯೂಪೋರ್ಟ್ ಪ್ಯಾಗ್ನೆಲ್ ಕಾರ್ಖಾನೆಯಿಂದ ಡಿಬಿ5 ಹೊರಬೀಳತೊಡಗಿತ್ತು. ನಾಲ್ಕು ಲೀಟರಿನ ಆರು ಸಿಲಿಂಡರುಗಳ ಇಂಜಿನ್, ತೆಳುವಾದ ಉಕ್ಕಿನ ಕೊಳವೆಗಳ ಹಂದರದ ಮೇಲೆ ಅಲ್ಯೂಮಿನಿಯಂ ತಗಡನ್ನು ಹೊದಿಸುವ ಮಿಲಾನಿನ ಟೂರಿಂಗ್ ಸಂಸ್ಥೆಯ ಪದ್ಧತಿಯಲ್ಲಿ ಕಟ್ಟಿದ ಮೈ. 1963ರಿಂದ 1965ರವರೆಗೆ ಇಂಥವು ಸುಮಾರು 1,000 ಮಾತ್ರ ತಯಾರಾದುವು. ಅವುಗಳ ಪೈಕಿ ಪ್ರಯೋಗಕ್ಕೆಂದು ಮೊದಲು ಮಾಡಿದ, ಡಿಪಿ/216/1 ಎಂಬ ಚಾಸಿಸ್ ಸಂಖ್ಯೆಯ ಕಾರನ್ನು ಕಂಪನಿಯವರು ಚಿತ್ರತಂಡಕ್ಕೆ ಒಪ್ಪಿಸಿದರು. ಕಲಾನಿರ್ದೇಶಕ ಕೆನ್ ಆಡಮ್ ಮತ್ತು ತಂತ್ರಚಮತ್ಕಾರಗಳ ನಿಪುಣ ಜಾನ್ ಸ್ಟಿಯರ್ಸ್ ಇಬ್ಬರೂ ಸೇರಿ ಅದಕ್ಕೆ ಮುಂದಿನ ದೀಪಗಳ ಹಿಂದೆ ಮೆಷಿನ್ ಗನ್ನುಗಳನ್ನೂ, ತಿರುಗುವ ನಂಬರ್ ಪ್ಲೇಟನ್ನೂ, ಹಿಂಬಾಲಿಸಿದವರ ದಾರಿಗೆ ಎಣ್ಣೆ ಚೆಲ್ಲುವ ಯಂತ್ರವನ್ನೂ, ಗುಂಡು ತಡೆಯುವ ಪರದೆಯನ್ನೂ, ಬೇಡದ ಸಹಪ್ರಯಾಣಿಕನನ್ನು ಛಾವಣಿಯ ಮೂಲಕ ಆಕಾಶಕ್ಕೆ ಚಿಮ್ಮಿಸುವ ಆಸನವನ್ನೂ ಅಳವಡಿಸಿದರು. ಓಡಾಟದ ದೃಶ್ಯಗಳಿಗೆ ಇನ್ನೊಂದು ಸಾದಾ ಕಾರು ಇತ್ತು; ಚಮತ್ಕಾರಗಳೆಲ್ಲ ಇದರ ಪಾಲಿನವು.

ಚಿತ್ರೀಕರಣ ಮತ್ತು ಪ್ರಚಾರದ ಗದ್ದಲವೆಲ್ಲ ಮುಗಿದ ಮೇಲೆ ಕಂಪನಿಯವರು ಮಾಡಿದ ಕೆಲಸ ಇಂದಿನ ಸಂಗ್ರಾಹಕರಿಗೆ ಹೃದಯವಿದ್ರಾವಕವಾಗಿ ಕಂಡೀತು. ಅವರು ಯಂತ್ರಗಳನ್ನೆಲ್ಲ ಬಿಚ್ಚಿ ತೆಗೆದು, ಬೇರೊಂದು ನೋಂದಣಿ ಸಂಖ್ಯೆಯನ್ನು ಹಚ್ಚಿ, 1968ರಲ್ಲಿ ಅದನ್ನು ಒಂದು ಸೆಕೆಂಡ್ ಹ್ಯಾಂಡ್ ಕಾರಿನಂತೆ ಮಾರಿಬಿಟ್ಟರು! ಕೊಂಡಾತ ತನ್ನ ಖರ್ಚಿನಿಂದ ಆ ಆಯುಧಗಳ ಪ್ರತಿಕೃತಿಗಳನ್ನು ಮಾಡಿಸಿ ಮತ್ತೆ ಕೂರಿಸಿದ. ಕಾರು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಯಿತು. 1986ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಫ್ಲಾರಿಡಾದ ಒಬ್ಬ ಉದ್ಯಮಿ ಅದನ್ನು 2,50,000 ಡಾಲರಿಗೆ ಕೂಗಿ ಪಡೆದ. ಹನ್ನೊಂದು ವರ್ಷಗಳ ನಂತರ ಅದು ಕಳುವಾದಾಗ ವಿಮಾ ಸಂಸ್ಥೆ ತೆತ್ತ ಪರಿಹಾರ 42 ಲಕ್ಷ ಡಾಲರು. ನಂಬರ್ ಪ್ಲೇಟು ಬದಲಾಗಿದ್ದು, ಚಿತ್ರದಲ್ಲಿ ಕಂಡ ಆಯುಧಗಳು ಹೋಗಿ ನಕಲು ಆಯುಧಗಳು ಬಂದಿದ್ದರೂ ಇದೇ ಆ ಕಾರು ಎಂದು ಜಗತ್ತು ಒಪ್ಪಿ ಅಷ್ಟು ಹಣ ಕೊಟ್ಟದ್ದು ಯಾವ ಆಧಾರದ ಮೇಲೆ ಎಂದು ಕೇಳಿದರೆ, ಲೋಹದ ಮೇಲೆ ಒತ್ತಿದ ಡಿಪಿ/216/1 ಎಂಬ ಆ ಪುಟ್ಟ ಬರಹದ ಆಧಾರದ ಮೇಲೆ ಎಂದೇ ಹೇಳಬೇಕಾಗುತ್ತದೆ.

ಅದನ್ನು ಸರಕು ವಿಮಾನಕ್ಕೇರಿಸಿ ಸಾಗಿಸಿದರೆಂದೂ, ಸಿಕ್ಕಿಬೀಳುವ ಭಯದಿಂದ ಫ್ಲಾರಿಡಾದ ತೀರದಾಚೆ ಸಮುದ್ರಕ್ಕೆ ತಳ್ಳಿದರೆಂದೂ ವದಂತಿಗಳು ಹುಟ್ಟಿದುವು. ಸಮುದ್ರದ ಕಥೆಯನ್ನು ನಾನಂತೂ ನಂಬಲಾರೆ. ಇಷ್ಟು ಸಾಹಸ ಮಾಡಿ ಕದ್ದ ವಸ್ತುವನ್ನು ನೀರಿಗೆಸೆಯುವಷ್ಟು ವೈರಾಗ್ಯ ಕಳ್ಳರಲ್ಲಿ ಅಪರೂಪ. ಕದ್ದ ಚಿತ್ರಗಳನ್ನೂ ಶಿಲ್ಪಗಳನ್ನೂ ಹುಡುಕಿ ವಾರಸುದಾರರಿಗೆ ಮರಳಿಸುವುದನ್ನೇ ವೃತ್ತಿಯಾಗಿಸಿಕೊಂಡ ‘ಆರ್ಟ್ ರಿಕವರಿ ಇಂಟರ್‌ನ್ಯಾಷನಲ್’ ಸಂಸ್ಥೆಯ ವಕೀಲ ಕ್ರಿಸ್ಟಫರ್ ಮರಿನೆಲ್ಲೊ ಈ ಕಾರಿನ ಬೆನ್ನು ಹತ್ತಿದ್ದಾರೆ. ಅದನ್ನು ಮರಳಿ ಪಡೆಯಲು ನೆರವಾಗುವ ಸುಳಿವಿಗೆ 1 ಲಕ್ಷ ಡಾಲರುಗಳವರೆಗೆ ಬಹುಮಾನ ಘೋಷಣೆಯಾಯಿತು. ಮಧ್ಯಪ್ರಾಚ್ಯದ ಒಂದು ಖಾಸಗಿ ಸಂಗ್ರಹದಲ್ಲಿ ಅದನ್ನು ಕಂಡವರಿದ್ದಾರೆ, ಚಾಸಿಸ್ ಸಂಖ್ಯೆಯನ್ನೂ ತಾಳೆ ನೋಡಿದ್ದಾರೆ ಎಂದು 2021ರ ಸುಮಾರಿಗೆ ಅವರು ಪತ್ರಿಕೆಗಳಿಗೆ ತಿಳಿಸಿದರು. ತಿಳಿಯದೆ ಕೊಂಡವರು ತಾವಾಗಿಯೇ ಮುಂದೆ ಬರಲಿ ಎಂಬುದು ಅವರ ಆಗ್ರಹ. ಕಾರು ಮಾತ್ರ ಇನ್ನೂ ಹೊರಬಂದಿಲ್ಲ. ಅದೇ ಚಿತ್ರಮಾಲೆಯ ಪ್ರಚಾರಕ್ಕೆಂದು ಆಮೇಲೆ ಸಿದ್ಧಪಡಿಸಿದ, ತೆರೆಯ ಮೇಲೆ ಕಾಣಿಸಿಕೊಳ್ಳದ ಒಂದು ಡಿಬಿ5 ಕೂಡ 2019ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 63,85,000 ಡಾಲರಿಗೆ ಹೋಯಿತೆಂದರೆ, ಬಚ್ಚಿಟ್ಟುಕೊಂಡವರ ಬಳಿ ಇರುವ ವಸ್ತುವಿನ ಮೌಲ್ಯವನ್ನು ಊಹಿಸಿಕೊಳ್ಳಬಹುದು. ಆದರೆ ಆ ಮೌಲ್ಯ ಅವರ ಕೈಗೆ ದಕ್ಕುವಂತಿಲ್ಲ. ಸಂಖ್ಯೆಯನ್ನು ತೋರಿಸಿ ಮಾರಹೊರಟರೆ ಪೋಲೀಸರು ಬರುತ್ತಾರೆ. ಸಂಖ್ಯೆಯನ್ನು ಅಳಿಸಿ ಮಾರಿದರೆ ಅದು ಹತ್ತರಲ್ಲಿ ಹನ್ನೊಂದನೆಯ ಹಳೆಯ ಕಾರು. ಬಿಸಿ ತುಪ್ಪವನ್ನು ಬಾಯಿಗೆ ಹಾಕಿಕೊಂಡವನ ಪಾಡು ಇದು.

ಸಾಮಾನ್ಯ ಕಾರಿನ ಕಳ್ಳನಿಗೆ ಈ ಸಂಕಟವಿಲ್ಲ. ಅವನು ಒಂದು ರಾತ್ರಿಯೊಳಗೆ ಅದನ್ನು ಬಿಚ್ಚಿ, ಬಾಗಿಲು ಒಂದು ಕಡೆಗೆ, ಗೇರ್ ಬಾಕ್ಸು ಇನ್ನೊಂದು ಕಡೆಗೆ ಎಂದು ಗುಜರಿಯ ಸಂತೆಯಲ್ಲಿ ಕರಗಿಸಿಬಿಡಬಲ್ಲ. ಬಿಡಿಭಾಗಗಳಿಗೆ ಬೆಲೆಯುಂಟು, ಇಡಿಯ ವಸ್ತುವಿಗೆ ಹೆಸರಿಲ್ಲ. ಸಂಗ್ರಾಹಕರ ಕಾರಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಇಂಥ ಕಾರುಗಳನ್ನು ಕದ್ದವರು ಬಹುಕಾಲ ಕಾದು ಕುಳಿತುಕೊಳ್ಳುವುದಕ್ಕೂ, ಕೆಲವೊಮ್ಮೆ ವಿಚಿತ್ರ ಸ್ಥಳಗಳಲ್ಲಿ ಅಡಗಿಸುವುದಕ್ಕೂ ಇದೇ ಕಾರಣ. ಲಾಸ್ ಏಂಜಲೀಸ್ ನಗರದ ಒಂದು ಮನೆಯ ಹಿತ್ತಿಲಿನಲ್ಲಿ 1978ರ ಫೆಬ್ರವರಿಯಲ್ಲಿ ಪೋಲೀಸರು ಮಣ್ಣನ್ನು ಅಗೆಸಿದಾಗ, ಮೂರು ವರ್ಷಗಳ ಹಿಂದೆ ಕಳುವಾಗಿದ್ದ ಫೆರಾರಿ ಕಂಪನಿಯ ಡಿನೊ 246 ಕಾರು ಇಡಿಯಾಗಿ ಮೇಲೆ ಬಂತು. ಹೂತವರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಗಾಳಿಯ ಕಿಂಡಿಗಳಿಗೆ ಹುಳಹುಪ್ಪಟೆ ಹೊಗದಂತೆ ಟವೆಲುಗಳನ್ನು ತುರುಕಿದ್ದರು. ಮುಂದೊಂದು ದಿನ ಅಗೆದು ತೆಗೆಯುವ ಆಸೆ ಅವರಿಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಿಟಕಿಯ ಗಾಜುಗಳನ್ನು ಪೂರ್ತಿ ಏರಿಸಿರಲಿಲ್ಲ! ಆ ಡಿನೊ ಇಂದು ದುರಸ್ತಿಯಾಗಿ ರಸ್ತೆಯ ಮೇಲಿದೆ. ‘ಅಗೆದು ತೆಗೆದದ್ದು’ ಎಂಬರ್ಥದ ಮಾತನ್ನೇ ಅದರ ಯಜಮಾನ ನಂಬರ್ ಪ್ಲೇಟಿನ ಮೇಲೆ ಬರೆಸಿಕೊಂಡಿದ್ದಾನೆ.

ಈಗ ಆ ಸಂಖ್ಯೆಯ ವಿಷಯಕ್ಕೆ ಬರೋಣ. ಇಂದು ಜಗತ್ತಿನಾದ್ಯಂತ ತಯಾರಾಗುವ ಕಾರುಗಳಿಗೆ 17 ಅಕ್ಷರಗಳ ಗುರುತಿನ ಸಂಖ್ಯೆಯಿರುವುದುಂಟು. ಅಮೆರಿಕದಲ್ಲಿ ಈ ಪದ್ಧತಿ 1981ರ ಮಾದರಿಗಳಿಂದ ಕಡ್ಡಾಯವಾಯಿತು. ಒಂದು, ಸೊನ್ನೆ ಎಂಬ ಅಂಕಿಗಳೊಡನೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಅದಕ್ಕೆ ಮುಂಚಿನ ಕಾರುಗಳಲ್ಲಿ ಒಂದೊಂದು ಕಾರ್ಖಾನೆಯದು ಒಂದೊಂದು ಸಂಪ್ರದಾಯ: ಎಲ್ಲೋ ಒಂದು ಹಿತ್ತಾಳೆಯ ಫಲಕ, ಚಾಸಿಸ್ಸಿನ ತೊಲೆಯ ಮೇಲೆ ಕೈಯಿಂದ ಗುದ್ದಿದ ನಾಲ್ಕೈದು ಅಂಕಿಗಳು, ಇಂಜಿನ್ನಿನ ಮೈಮೇಲೆ ಬೇರೊಂದು ಸಂಖ್ಯೆ. ಇವೆಲ್ಲವೂ ಕಾರ್ಖಾನೆಯ ಹಳೆಯ ದಫ್ತರದೊಡನೆ ತಾಳೆಯಾದರೆ ಅಂಥ ಕಾರಿಗೆ ಸಂಗ್ರಾಹಕರಲ್ಲಿ ವಿಶೇಷ ಮರ್ಯಾದೆ. ನಮ್ಮ ಆರ್‌ಟಿಒ ಕಚೇರಿಯ ವ್ಯವಹಾರ ಬಲ್ಲವರಿಗೆ ಇದು ಹೊಸತೇನಲ್ಲ. ವಾಹನವನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಾಗ ಚಾಸಿಸ್ ನಂಬರಿನ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರಸಿ, ತೆಳುವಾದ ಕಾಗದವನ್ನು ಅದರ ಮೇಲೆ ಬಿಗಿಯಾಗಿ ಹಿಡಿದು, ಪೆನ್ಸಿಲನ್ನು ಅಡ್ಡಲಾಗಿ ಮೆಲ್ಲಗೆ ಉಜ್ಜಿದರೆ, ಬೂದುಬಣ್ಣದ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆ ‘ಪೆನ್ಸಿಲ್ ಪ್ರಿಂಟ್’ ಅರ್ಜಿಯ ಮೇಲೆ ಅಂಟಿಕೊಳ್ಳುತ್ತದೆ. ಬರೆದುಕೊಂಡ ಅಂಕಿಯಲ್ಲಿ ತಪ್ಪು ನುಸುಳಬಹುದು, ಉಜ್ಜಿ ತೆಗೆದ ಅಂಕಿಯಲ್ಲಿ ಅಕ್ಷರದ ವಾಲು, ಅಂತರ, ಗುದ್ದಿದ ಆಳ ಎಲ್ಲವೂ ಇಳಿಯುತ್ತವೆ.

ಕಳ್ಳರು ಅರದಿಂದ ಅಂಕಿಯನ್ನು ಉಜ್ಜಿ ನಯ ಮಾಡಿ, ಬೇರೊಂದನ್ನು ಗುದ್ದುವುದು ಹಳೆಯ ವಿದ್ಯೆ. ಅದಕ್ಕೆ ಪ್ರತಿವಿದ್ಯೆಯೂ ಇದೆ. ಉಕ್ಕಿನ ಮೇಲೆ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆದಾಗ ಮೇಲ್ಮೈಯಲ್ಲಿ ಕಾಣುವ ಗುಳಿಯ ಕೆಳಗೆ, ಕಣ್ಣಿಗೆ ಕಾಣದ ಆಳದವರೆಗೆ, ಲೋಹದ ಕಣಗಳು ಒತ್ತಿಹೋಗಿ ತಮ್ಮ ಸ್ವಭಾವವನ್ನು ಬದಲಿಸಿಕೊಂಡಿರುತ್ತವೆ. ಗುಳಿಯನ್ನು ಸವೆಸಿದರೂ ಆ ವಿಕಾರ ಉಳಿದಿರುತ್ತದೆ. ವಿಧಿವಿಜ್ಞಾನದ ಪರೀಕ್ಷಕರು ಆ ಜಾಗವನ್ನು ಕನ್ನಡಿಯಂತೆ ಉಜ್ಜಿ, ತಾಮ್ರದ ಲವಣ ಸೇರಿಸಿದ ಆಮ್ಲವನ್ನು ಹತ್ತಿಯಿಂದ ಸವರುತ್ತ ಕಾಯುತ್ತಾರೆ. ಒತ್ತಿಹೋದ ಲೋಹ ಆಮ್ಲಕ್ಕೆ ಕರಗುವ ವೇಗ ಬೇರೆ, ಉಳಿದ ಲೋಹದ ವೇಗ ಬೇರೆ. ಆದ್ದರಿಂದ ಅಳಿಸಿಹೋದ ಅಂಕಿಗಳು ನೆರಳಿನಂತೆ ಮೇಲಕ್ಕೇಳುತ್ತವೆ. ಅರ ತೀರ ಆಳಕ್ಕೆ ಹೋಗಿದ್ದರೆ ಮಾತ್ರ ಈ ವಿದ್ಯೆ ಸೋಲುತ್ತದೆ.

ಸಂಖ್ಯೆಯೊಂದು ಗಡಿ ದಾಟುವಾಗಲೋ, ಕೈ ಬದಲಾಯಿಸುವಾಗಲೋ, ಯಾರಾದರೊಬ್ಬ ಗುಮಾಸ್ತ ಅದನ್ನು ಪಟ್ಟಿಯೊಡನೆ ಹೋಲಿಸಿ ನೋಡುವುದರಿಂದಲೇ ಇಂಥ ಕಾರುಗಳು ಬಹುಮಟ್ಟಿಗೆ ಸಿಕ್ಕಿವೆ; ಪತ್ತೇದಾರಿ ಕಾದಂಬರಿಗಳಲ್ಲಿ ಬರುವ ಬೆನ್ನಟ್ಟುವಿಕೆಗಳಿಂದ ಸಿಕ್ಕಿದ್ದು ಕಡಮೆ. ನ್ಯೂಯಾರ್ಕಿನ ಒಂದು ಗ್ಯಾರೇಜಿನಿಂದ 1969ರ ಜನವರಿಯಲ್ಲಿ ಕಳುವಾದ ನೀಲಿಬಣ್ಣದ ಕಾರ್ವೆಟ್ ಒಂದು, 2005ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಲ್ಲಿ, ಸ್ವೀಡನ್ನಿಗೆ ಹೋಗುವ ಹಡಗನ್ನೇರಲು ಸಿದ್ಧವಾಗಿ ನಿಂತಿದ್ದಾಗ ಸುಂಕದ ಅಧಿಕಾರಿಗಳ ಕಣ್ಣಿಗೆ ಬಿತ್ತು. ಸಂಖ್ಯೆ ಕಳುವಿನ ಪಟ್ಟಿಯಲ್ಲಿತ್ತು. ಆದರೆ ಯಜಮಾನ ಯಾರೆಂಬುದು ಅದರಲ್ಲಿರಲಿಲ್ಲ. ನ್ಯೂಯಾರ್ಕಿನ ಇಬ್ಬರು ಪತ್ತೇದಾರರು ಆ ವರ್ಷದ ದೂರುಗಳ ಮೈಕ್ರೋಫಿಲ್ಮುಗಳನ್ನು ಒಂದೊಂದಾಗಿ ತಿರುವಿ ಹೆಸರನ್ನು ಹುಡುಕಿ ತೆಗೆದರು. ಕಳುವಿನ ವಿಮೆ ಮಾಡಿಸದೆ ಆಗ ನಷ್ಟ ಅನುಭವಿಸಿದ್ದ ಆ ಮನುಷ್ಯನಿಗೆ, ವಿಮೆ ಮಾಡಿಸದಿದ್ದ ಕಾರಣದಿಂದಲೇ, ಮೂವತ್ತೇಳನೆಯ ವರ್ಷದಲ್ಲಿ ಕಾರು ಮರಳಿ ಬಂತು. ಪರಿಹಾರ ಪಡೆದಿದ್ದರೆ ಅದು ವಿಮಾ ಸಂಸ್ಥೆಯ ಸ್ವತ್ತಾಗಿರುತ್ತಿತ್ತು. ಹಾಗೆಯೇ, ಫಾರ್ಮುಲಾ ಒನ್ ಚಾಲಕ ಗೆರ್ಹಾರ್ಡ್ ಬರ್ಗರ್ ಅವರ ಕೆಂಪು ಫೆರಾರಿ 1995ರ ಏಪ್ರಿಲಿನಲ್ಲಿ ಇಟಲಿಯ ಇಮೋಲಾದಲ್ಲಿ ರೇಸಿನ ಸಂದರ್ಭದಲ್ಲಿ ಕಳುವಾಗಿತ್ತು. ಅದು ಜಪಾನಿಗೆ ಹೋಗಿ, 2023ರಲ್ಲಿ ಬ್ರಿಟನ್ನಿಗೆ ಬಂದು, ಅಮೆರಿಕದ ಗಿರಾಕಿಯೊಬ್ಬನಿಗೆ ಮಾರಾಟವಾಗುವ ಹಂತದಲ್ಲಿ, ಫೆರಾರಿ ಕಂಪನಿಯವರು ನಡೆಸಿದ ಪರಿಶೀಲನೆಯಲ್ಲಿ ಬಯಲಾಯಿತು. ದೂರು ತಲಪಿದ ನಾಲ್ಕು ದಿನಗಳಲ್ಲಿ ಲಂಡನ್ ಪೋಲೀಸರು ಅದನ್ನು ವಶಪಡಿಸಿಕೊಂಡರು.

ಸಿಕ್ಕ ಮೇಲೆ ಅದು ಯಾರದು? ಈ ಪ್ರಶ್ನೆಯೇ ಎಲ್ಲಕ್ಕಿಂತ ಜಟಿಲ. ಇದನ್ನು ತಿಳಿಯಲು ಅಮೆರಿಕದ ಮಿಲ್ವಾಕಿ ನಗರದ ಪ್ರಕರಣದಷ್ಟು ಬೋಧಪ್ರದವಾದದ್ದು ಇನ್ನೊಂದಿಲ್ಲ. ಪ್ಯಾರಿಸಿನ ಹೊರವಲಯದ ಸುರೇನ್ ಕಾರ್ಖಾನೆಯಲ್ಲಿ ತಯಾರಾದ ಟಾಲ್ಬೊ-ಲಾಗೋ ಕಾರುಗಳ ಕೆಲವು ಚಾಸಿಸ್ಸುಗಳಿಗೆ, ಫಿಗೋನಿ ಮತ್ತು ಫಲಾಸ್ಕಿ ಎಂಬ ಕುಶಲಿಗಳು 1937ರಿಂದ 1939ರವರೆಗೆ ನೀರ ಹನಿಯ ಆಕಾರದ ಮೈಯನ್ನು ತೊಡಿಸಿದರು. ಕಾರಿನ ವಿನ್ಯಾಸಗಳಲ್ಲಿ ಅದನ್ನು ಮೀರಿಸಿದ ಚೆಲುವು ಇಲ್ಲವೆಂದು ಹೇಳುವ ರಸಿಕರಿದ್ದಾರೆ. ಚಿತ್ರವನ್ನು ನೋಡಿದವರು ಅವರೊಡನೆ ವಾದಕ್ಕಿಳಿಯಲಾರರು. ಅವುಗಳಲ್ಲಿ 90108 ಸಂಖ್ಯೆಯದನ್ನು ಮಿಲ್ವಾಕಿಯ ಒಬ್ಬ ಗೃಹಸ್ಥ 1967ರಲ್ಲಿ ಕೊಂಡು, ದುರಸ್ತಿ ಮಾಡುವ ಉತ್ಸಾಹದಿಂದ ಭಾಗಭಾಗವಾಗಿ ಬಿಚ್ಚಿ, ತನ್ನ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಹರಡಿಟ್ಟುಕೊಂಡಿದ್ದ. ದಶಕಗಳು ಕಳೆದರೂ ಜೋಡಣೆ ಮುಗಿಯಲಿಲ್ಲ. 2001ರ ಮಾರ್ಚಿನಲ್ಲಿ, ದೂರವಾಣಿಯ ತಂತಿಯನ್ನು ಕತ್ತರಿಸಿ, ಕೂಲಿಯಾಳುಗಳಂತೆ ಬಿಳಿಯ ನಿಲುವಂಗಿ ತೊಟ್ಟು ಬಂದ ಕೆಲವರು ಇಡೀ ಕಾರನ್ನು ಬಿಡಿಬಿಡಿಯಾಗಿಯೇ ಲಾರಿಗೆ ತುಂಬಿಕೊಂಡು ಹೋದರು. ಬಲ್ಲವರ ಕೈವಾಡ ಎಂಬುದಕ್ಕೆ ಸಾಕ್ಷಿಯೆಂದರೆ, ಅವರು ಕಾರಿಗೆ ಸಂಬಂಧಿಸಿದ ಕಾಗದಪತ್ರಗಳನ್ನೂ ಬಿಡದೆ ಒಯ್ದಿದ್ದರು.

ಯಜಮಾನ 2005ರಲ್ಲಿ ತೀರಿಕೊಂಡ. ಹಕ್ಕು ಒಬ್ಬ ದಾಯಾದಿಗೆ ಬಂತು. ಇತ್ತ ಕಾರು ಯುರೋಪಿಗೆ ಹೋಗಿ, ಹೊಸ ದಸ್ತಾವೇಜುಗಳನ್ನು ಪಡೆದು, 2015ರಲ್ಲಿ ಸುಮಾರು 70 ಲಕ್ಷ ಡಾಲರಿಗೆ ಅಮೆರಿಕದ ಹೊಸ ಗಿರಾಕಿಗೆ ಮಾರಾಟವಾಯಿತು. ಕೊಂಡವರು ಇದಕ್ಕೆಂದೇ ಸ್ಥಾಪಿಸಿದ ಕಂಪನಿಗೆ ಇಟ್ಟ ಹೆಸರು ಟಿಎಲ್90108! ಕಾರಿನ ಬೆಲೆಯೆಲ್ಲ ಆ ಸಂಖ್ಯೆಯಲ್ಲಿಯೇ ಅಡಗಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಒಪ್ಪಿಕೊಂಡವರು ಬೇರೆ ಯಾರೂ ಇರಲಾರರು. 2016ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ನೋಂದಣಿಗೆ ಅರ್ಜಿ ಹಾಕಿದೊಡನೆ, ಹದಿನೈದು ವರ್ಷಗಳ ಹಿಂದೆ ಮಿಲ್ವಾಕಿಯ ಪೋಲೀಸರು ಬರೆದಿಟ್ಟಿದ್ದ ಕಳುವಿನ ದಾಖಲೆ ಎದ್ದು ನಿಂತಿತು.

ದಾಯಾದಿ ಕಾರನ್ನು ಕೇಳಿದ, ಕಂಪನಿ ಕೊಡಲೊಲ್ಲೆನೆಂದಿತು, ವ್ಯಾಜ್ಯ 2017ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ನ್ಯಾಯಾಲಯವನ್ನು ಹೊಕ್ಕಿತು. ಸ್ವತ್ತು ಅಪಹೃತವಾದ ಆರು ವರ್ಷಗಳೊಳಗೆ ದಾವೆ ಹೂಡಬೇಕು, 2001ರಿಂದ ಎಣಿಸಿದರೆ ಅವಧಿ ಎಂದೋ ತೀರಿತು ಎಂಬುದು ಕಂಪನಿಯ ವಾದ. ಮೊದಲ ನ್ಯಾಯಾಲಯ ಅದನ್ನು ಒಪ್ಪಿತು. ಮೇಲಿನ ನ್ಯಾಯಾಲಯ ತಳ್ಳಿಹಾಕಿತು. 2020ರಲ್ಲಿ ವಿಸ್ಕಾನ್ಸಿನ್ನಿನ ಸರ್ವೋಚ್ಚ ನ್ಯಾಯಾಲಯವೂ ಮೇಲಿನ ನ್ಯಾಯಾಲಯದ ಪರವಾಗಿಯೇ ತೀರ್ಪಿತ್ತಿತು. ಕದ್ದ ಕ್ರಿಯೆ ಒಂದು, ಕೇಳಿದಾಗ ಕೊಡದೆ ಇಟ್ಟುಕೊಂಡ ಕ್ರಿಯೆ ಇನ್ನೊಂದು. ಎರಡನೆಯದರ ಮೇಲೆ ದಾವೆ ಹೂಡುವುದಕ್ಕೆ ಮೊದಲನೆಯದರ ಕಾಲಮಿತಿ ಅಡ್ಡಬಾರದು ಎಂಬುದು ಅದರ ತಾತ್ಪರ್ಯ. ಕಳ್ಳತನದ ನಂತರ ಕಾಲ ಕಳೆದಷ್ಟೂ ಕಳ್ಳಮಾಲು ಪವಿತ್ರವಾಗುತ್ತ ಹೋಗುತ್ತದೆ ಎಂಬ ನಂಬಿಕೆಗೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ನನಗಂತೂ ಇದು ನ್ಯಾಯವಾದ ತೀರ್ಪೆಂದೇ ತೋರುತ್ತದೆ.

ಎಲ್ಲ ದೇಶಗಳ ಕಾನೂನೂ ಹೀಗಿಲ್ಲ. ಇಂಗ್ಲಿಷ್ ನ್ಯಾಯಪದ್ಧತಿಯನ್ನು ಅನುಸರಿಸುವ ದೇಶಗಳಲ್ಲಿ, ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು ಎಂಬುದು ಮೂಲಸೂತ್ರ. ನಮ್ಮ 1930ರ ಸರಕು ಮಾರಾಟ ಅಧಿನಿಯಮದ 27ನೆಯ ಕಲಮಿನಲ್ಲಿಯೂ, ಕೆಲವು ವಿನಾಯಿತಿಗಳೊಡನೆ, ಇದೇ ತತ್ತ್ವವಿದೆ. ಸ್ವಿಟ್ಜರ್ಲೆಂಡಿನಲ್ಲಾದರೆ ಪ್ರಾಮಾಣಿಕನಾದ ಕೊಳ್ಳುಗನಿಗೆ ರಕ್ಷಣೆ ಹೆಚ್ಚು. ಕಳುವಾದ ಸಾಮಾನ್ಯ ವಸ್ತುವನ್ನು ಅಂಥವನಿಂದ ಮರಳಿ ಕೇಳಲು ಮೂಲ ಯಜಮಾನನಿಗೆ ಐದು ವರ್ಷಗಳ ಅವಕಾಶ ಮಾತ್ರ. ಕದ್ದ ಕಾರುಗಳು ಸಮುದ್ರಗಳನ್ನು ದಾಟಿ ದೇಶಸಂಚಾರ ಮಾಡುವುದು ಗಾಳಿ ಬದಲಾವಣೆಗಾಗಿ ಅಲ್ಲವೆಂದು ಇದರಿಂದ ತಿಳಿಯಬಹುದು.

ನಮ್ಮಲ್ಲಿ ಇಂಥ ಹಳೆಯ ವಾಹನಗಳನ್ನು ಪ್ರೀತಿಯಿಂದ ಕಾಪಾಡಿದವರಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳನ್ನು ನೋಡಿಯೇ ಇರುತ್ತಾರೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ನಂತರದ ನವೀಕರಣಕ್ಕೆ 5,000 ರೂಪಾಯಿ. ಶುಲ್ಕ ಹೆಚ್ಚಾಯಿತೆಂದು ಗೊಣಗುವವರಿರಬಹುದು. ಆದರೆ ಸರಕಾರದ ದಾಖಲೆಯಲ್ಲಿ ತನ್ನ ಹಳೆಯ ಕಾರಿನ ಸಂಖ್ಯೆ ಸರಿಯಾಗಿ ಕುಳಿತಿರುವುದು ಗ್ಯಾರೇಜಿನ ಬೀಗಕ್ಕಿಂತ ಗಟ್ಟಿಯಾದ ಕಾವಲು.

ಆದ್ದರಿಂದ ತಾತನ ಕಾಲದ ಮಾರಿಸ್ಸೋ, ಫಿಯಟ್ಟೋ, ಅಂಬಾಸಡರೋ ಮನೆಯಲ್ಲಿ ಉಳಿದಿರುವ ಓದುಗರಲ್ಲಿ ಒಂದು ವಿನಂತಿ. ಬಿಡುವಿರುವ ಒಂದು ಭಾನುವಾರ ಬಾನೆಟ್ಟನ್ನು ಎತ್ತಿ, ಚಾಸಿಸ್ ನಂಬರಿನದೂ ಇಂಜಿನ್ ನಂಬರಿನದೂ ಎರಡೆರಡು ಪೆನ್ಸಿಲ್ ಪ್ರಿಂಟ್ ತೆಗೆಯಿರಿ; ನಾಲ್ಕೂ ಕಡೆಯಿಂದ ಫೋಟೋ ಹಿಡಿಯಿರಿ; ಗೀರು, ಬೆಸುಗೆ, ತೇಪೆಗಳಿದ್ದರೆ ಅವುಗಳದ್ದನ್ನೂ ಬಿಡಬೇಡಿ. ಹಳೆಯ ಆರ್‌ಸಿ ಪುಸ್ತಕದ ಪ್ರತಿಯೊಡನೆ ಇವೆಲ್ಲವನ್ನೂ ಒಂದು ಲಕೋಟೆಯಲ್ಲಿಟ್ಟು, ಆ ಲಕೋಟೆಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಾಗಲಿ ಅದೇ ಶೆಡ್ಡಿನ ಕಪಾಟಿನಲ್ಲಾಗಲಿ ಇಡದೆ, ಬೇರೊಂದು ಮನೆಯಲ್ಲಿರುವ ನಂಬಿಕಸ್ಥ ಬಂಧುವಿನ ವಶಕ್ಕೆ ಕೊಡಿ.